ಕರಿ ಕಾಯಿ, ಕಹಿ ಸುದ್ದಿ

1978ರ ‘ಸಿಂಗಾಪೂರಿನಲ್ಲಿ ರಾಜಾಕುಳ್ಳ’ ನೆನಪಿದೆಯಾ ಸ್ವಾಮೀ? ವಿಷ್ಣು-ದ್ವಾರಕೀಶ್ ಜೋಡಿ ಮೆರೆದ ಆ ಊರಿಗೆ ಈ ಸಲ ನಾವು ಮೂವರು ಹೋಗಿದ್ದೆವು. ಅಲ್ಲೇ ಕೆಲಸದಲ್ಲಿದ್ದ ನಮ್ಮ ಗೆಳೆಯ ‘ಇಲ್ಲೂ ಇಡ್ಲೀನೇನ್ರೋ?’ ಅಂತ ಬೈದು ಕಾಟೋಂಗ್ ಬಡಾವಣೆಯ ಪೆರನಾಕನ್ ಹೋಟೆಲಿಗೆ ಎಳೆದೊಯ್ದ. ಹಿಂದೆ ವ್ಯಾಪಾರಕ್ಕೆ ಬಂದ ಚೀನೀಯರು ಮಲಯ ಹೆಣ್ಣುಗಳನ್ನು ಮದುವೆಯಾಗಿ ನೆಲೆನಿಂತರಲ್ಲ, ಆ ಮನೆತನಗಳ ಅಡುಗೆ. ಗಂಡಸು ಬಾಬಾ, ಹೆಂಗಸು ನ್ಯೋನ್ಯಾ.

ಬಂತು ನೋಡಿ ‘ಅಯಾಮ್ ಬುವಾ ಕೆಲುವಾಕ್’! ಹುಣಸೆಹುಳಿಯ ಕೋಳಿಸಾರು, ಅದರಲ್ಲಿ ಕಪ್ಪು ಕಾಯಿಗಳು. ಹಸಿಯದರಲ್ಲಿ ಸಯನೈಡ್ ವಿಷ! ಬೇಯಿಸಿ, ಬೂದಿಯಲ್ಲಿ ಹೂತು, ಮತ್ತೆ ದಿನಗಟ್ಟಲೆ ನೀರಲ್ಲಿ ನೆನೆಹಾಕಿದ ಮೇಲೇ ಒಲೆಗೆ. ಕೇಳಿದ್ದೇ ತಡ, ನಮ್ಮ ಕೈ ಹಿಂದೆ. ಅವನು ಮಾತ್ರ ಪುಟ್ಟ ಚಮಚದಲ್ಲಿ ತಿರುಳು ಕೆದಕುತ್ತಾ, ‘ಕೆಲಸ ಹೋಯ್ತು ಕಣ್ರೋ. ಮುಂದಿನ ತಿಂಗಳು ಊರಿಗೆ’ ಅಂದ. ಮನೆಯಲ್ಲಿ ಇನ್ನೂ ಹೇಳಿಲ್ಲವಂತೆ.

ಯಾರಿಗೂ ಡೈಲಾಗ್ ಹೊರಡಲಿಲ್ಲ. ಸುಮ್ಮನೆ ಒಂದು ಕಾಯಿ ಎತ್ತಿಕೊಂಡೆ. ಕಹಿ ಚಾಕೊಲೇಟಿನಂಥ ರುಚಿ. ಸತ್ಯ ಹೇಳ್ತೀನಿ, ಚೆನ್ನಾಗೇ ಇತ್ತು! ಉಳಿದಿಬ್ಬರೂ ಚಮಚ ಹಿಡಿದರು. ಬಿಲ್ಲು ಬಂದಾಗ ಜಗಳ. ‘ಕರ್ಕೊಂಡ್ ಬಂದೋನು ನಾನು, ಕೊಡೋನೂ ನಾನೇ!’ ಅಂದ. ನಾವು ಬಿಡಲಿಲ್ಲ. ಕೊನೆಗೆ ತೆಂಗಿನಹಾಲು, ಬೆಲ್ಲ, ಐಸಿನ ಚೆಂಡೋಲ್‌ಗೆ ಮಾತ್ರ ಅವನ ದುಡ್ಡು. ನಾಲ್ಕು ಬಟ್ಟಲು.