ಆರನೆಯ ಸೂತಕ



2023ರ ಬರಗಾಲದ ಮಾತಿದು. ಮುಂಗಾರು ಕೈಕೊಟ್ಟು ಮಾಯಕೊಂಡದ ಸೀಮೆಯಲ್ಲಿ ಮೆಕ್ಕೆಜೋಳವು ತೆನೆಗಟ್ಟುವ ಮೊದಲೇ ಬಾಡಿತ್ತು; ಕೊಳವೆಬಾವಿಗಳು ಬತ್ತಿ ಅಡಿಕೆಯ ತೋಟಗಳು ಒಣಗತೊಡಗಿದ್ದವು. ಒಂದು ಸಂಜೆ ಆ ಸೀಮೆಯ ತಾಯಿಯೊಬ್ಬರು ತಮ್ಮ ಮೈದುನನೊಡನೆ ನಮ್ಮಲ್ಲಿಗೆ ಬಂದರು.

“ಅಯ್ಯನವರೆ, ನಮ್ಮ ಯಜಮಾನರು ಒಂದು ತಿಂಗಳಿಂದ ರಾತ್ರಿ ಕಣ್ಣು ಮುಚ್ಚಿಲ್ಲ. ಹೊಲದ ಕಡೆ ಕಾಲಿಡುವುದಿಲ್ಲ. ಲಿಂಗಪೂಜೆಯನ್ನೂ ಬಿಟ್ಟಿದ್ದಾರೆ. ಯಾರೋ ಏನೋ ಮಾಡಿಸಿದ್ದಾರೆ. ಒಂದು ತಾಯಿತ ಕಟ್ಟಿಕೊಡಿ. ಊರಲ್ಲಿ ಮಾತ್ರ ಯಾರಿಗೂ ಗೊತ್ತಾಗಬಾರದು” ಎಂದು ಬೇಡಿಕೊಂಡರು.

ಆ ಕೊನೆಯ ಮಾತು ನಮ್ಮನ್ನು ಚುಚ್ಚಿತು. ಅದಕ್ಕೆ ಕಾರಣವಿದೆ. ಸುಮಾರು 40 ವರ್ಷಗಳ ಹಿಂದೆ, ಮಠದ ವ್ಯಾಸಂಗವನ್ನು ಆಗತಾನೇ ಮುಗಿಸಿದ್ದ ನಮ್ಮ ಬಳಿಗೆ ತರುಣನೊಬ್ಬನು ಬಂದು, ಬದುಕಿನಲ್ಲಿ ಯಾವುದೂ ರುಚಿಸುತ್ತಿಲ್ಲವೆಂದು ಹೇಳಿಕೊಂಡಿದ್ದನು. ಶಾಸ್ತ್ರದ ಬಿಸಿಯಲ್ಲಿದ್ದ ನಾವು, ‘ಇದು ನಿಷ್ಠೆಯ ಕೊರತೆ, ಜಪವನ್ನು ಇಮ್ಮಡಿಸು’ ಎಂದು ಬೋಧಿಸಿ ಕಳುಹಿದೆವು. ಆತನು ನಮಸ್ಕರಿಸಿ ಹೋದನು. ಮುಂದಿನ ಅಮಾವಾಸ್ಯೆಯೊಳಗೆ ಆತನು ತಾನೇ ಪ್ರಾಣ ನೀಗಿದ ಸುದ್ದಿ ಬಂದಿತು. ಮನೆಯವರು ಜ್ವರವೆಂದು ಹೇಳಿ ಮುಚ್ಚಿದರು. ನಾವೂ ಸುಮ್ಮನಿದ್ದೆವು. ಆ ಮೌನದ ಭಾರವನ್ನು ಇಂದಿಗೂ ಹೊತ್ತಿದ್ದೇವೆ.

ಬಸವಾದಿ ಪ್ರಮಥರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಅಲ್ಲಗಳೆದರು. ಲಿಂಗವು ನೆಲೆಸಿದ ದೇಹಕ್ಕೆ ಮೈಲಿಗೆಯಿಲ್ಲವೆಂಬುದು ಅವರ ನಿಲುವು. ಅಂತಹ ಪರಂಪರೆಯವರಾದ ನಾವು ಸದ್ದಿಲ್ಲದೆ ಆರನೆಯ ಸೂತಕವೊಂದನ್ನು ಮನೆಯೊಳಗೆ ಬಿಟ್ಟುಕೊಂಡಿದ್ದೇವೆ. ಅದೇ ಮನೋವ್ಯಾಧಿಯ ಸೂತಕ. ಸಕ್ಕರೆ ಕಾಯಿಲೆಯನ್ನು ಮದುವೆಯ ಪಂಕ್ತಿಯಲ್ಲಿ ಕುಳಿತು ಧಾರಾಳವಾಗಿ ಹೇಳಿಕೊಳ್ಳುತ್ತೇವೆ. ಮನಸ್ಸಿನ ಕಾಯಿಲೆಯಾದರೆ ಕದವಿಕ್ಕುತ್ತೇವೆ. ಹೆಣ್ಣುಮಕ್ಕಳ ಸಂಬಂಧ ತಪ್ಪೀತೆಂದು, ನೆರೆಯವರು ನಕ್ಕಾರೆಂದು ಅಂಜುತ್ತೇವೆ.

ದುಃಖ ಬೇರೆ, ವ್ಯಾಧಿ ಬೇರೆ ಎಂಬ ವಿವೇಕವು ಇಲ್ಲಿ ಅಗತ್ಯ. ಬೆಳೆ ಹೋದಾಗ, ಆಪ್ತರು ಅಗಲಿದಾಗ ಅಳುವುದು ಸಹಜ. ಬಂದುದನ್ನು ಪ್ರಸಾದವೆಂದು ಸ್ವೀಕರಿಸುವ ಪ್ರಸಾದಿಸ್ಥಲದ ಸಾಧನೆ, ಸತ್ಸಂಗ, ಕಾಯಕಗಳು ಅಂತಹ ದುಃಖವನ್ನು ಹಗುರಗೊಳಿಸುತ್ತವೆ. ಆದರೆ ಮನಸ್ಸಿನ ಕುಗ್ಗುವಿಕೆಯು ಎರಡು ವಾರಗಳಿಗೂ ಮೀರಿ ದಿನವೆಲ್ಲ ಕವಿದಿದ್ದು, ನಿದ್ರೆ ಹಸಿವುಗಳು ಕೆಟ್ಟು, ಪ್ರೀತಿಯ ಕೆಲಸದಲ್ಲಿಯೂ ಆಸಕ್ತಿ ಅಳಿದು, ‘ನಾನು ಯಾರಿಗೂ ಬೇಡವಾದವನು’ ಎಂಬ ಭಾವ ಬಲಿತರೆ ಅದನ್ನು ವೈದ್ಯರು ಖಿನ್ನತೆಯೆಂಬ ರೋಗವೆಂದು ಪರಿಗಣಿಸುತ್ತಾರೆ. ಪೂಜೆ ಬಿಟ್ಟುದರಿಂದ ರೋಗ ಬಂದಿತೆಂದು ಮನೆಯವರು ತಿಳಿಯುತ್ತಾರೆ. ರೋಗ ಬಂದುದರಿಂದಲೇ ಪೂಜೆ ತಪ್ಪಿರಬಹುದೆಂಬುದು ಹೊಳೆಯುವುದಿಲ್ಲ. ಕಾಲು ಮುರಿದವನಿಗೆ ‘ನಡೆ, ಸರಿಹೋಗುತ್ತದೆ’ ಎಂದು ಯಾರೂ ಹೇಳುವುದಿಲ್ಲವಷ್ಟೆ.

ಈ ಅರಿವು ಕನ್ನಡ ನಾಡಿಗೆ ಹೊಸದಲ್ಲ. ‘ಕೊರವಂಜಿ’ಯ ಹಾಸ್ಯದಿಂದ ನಾಡನ್ನು ನಗಿಸಿದ ವೈದ್ಯ ಡಾ. ಎಂ. ಶಿವರಾಂ ಅವರು ಮನೋರೋಗಗಳನ್ನು ಕುರಿತು ಕನ್ನಡದಲ್ಲಿಯೇ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಯಿತ್ತು, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗಳ ಬಳಿಗೇ ಒಯ್ದಿತು. ನಮ್ಮ ನೆರೆಯ ಹರಪನಹಳ್ಳಿಯೂ ಆಗ ಆ ಜಿಲ್ಲೆಗೆ ಸೇರಿತ್ತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಬಳ್ಳಾರಿಯ ಪ್ರಯೋಗವೇ ಮಾದರಿಯಾಯಿತು.

ಹಾಗಾದರೆ ಮಠಮಂದಿರಗಳಿಗೆ ಇಲ್ಲಿ ಕೆಲಸವಿಲ್ಲವೆ? ಖಂಡಿತವಾಗಿಯೂ ಇದೆ. ತಮಿಳುನಾಡಿನ ಮುತ್ತುಸ್ವಾಮಿ ದೇವಾಲಯದಲ್ಲಿ ಬಂದು ತಂಗಿದ್ದ 31 ಮಂದಿ ತೀವ್ರ ಮನೋರೋಗಿಗಳನ್ನು ಕುರಿತು ನಿಮ್ಹಾನ್ಸ್‌ನ ತಜ್ಞರು ನಡೆಸಿದ ಅಧ್ಯಯನವು 2002ರಲ್ಲಿ ಪ್ರಕಟವಾಯಿತು. ಅಲ್ಲಿ ಯಾವ ವಿಶೇಷ ಚಿಕಿತ್ಸಾವಿಧಿಯೂ ಇರಲಿಲ್ಲ. ಜೊತೆಗೆ ಮನೆಯವರಿದ್ದರು, ಗದರುವವರಿರಲಿಲ್ಲ, ಗುಡಿಸುವ, ಗಿಡಕ್ಕೆ ನೀರೆರೆಯುವ ಸಣ್ಣ ಕೆಲಸಗಳಿದ್ದವು. ಇಷ್ಟರಿಂದಲೇ ರೋಗಲಕ್ಷಣಗಳ ಪ್ರಮಾಣವು ಸರಾಸರಿ ಶೇಕಡ 20ರಷ್ಟು ತಗ್ಗಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಕಾಯಕ, ದಾಸೋಹ, ಸತ್ಸಂಗಗಳ ಫಲ.

ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಿತು. ದೈವಕೃಪೆಯಿಂದ ಗುಣವಾದೀತೆಂದು ಬಂಧುಗಳು ಬಿಟ್ಟುಹೋಗಿದ್ದ ರೋಗಿಗಳನ್ನು ಅಲ್ಲಿ ಸರಪಳಿಯಿಂದ ಬಿಗಿದಿದ್ದರು. ಓಡಲಾರದೆ 28 ಮಂದಿ ಸುಟ್ಟುಹೋದರು. ಒಂದೆಡೆ ಆಸರೆ, ಇನ್ನೊಂದೆಡೆ ಸರಪಳಿ. ಎರಡಕ್ಕೂ ಮೂಲ ದೈವಶ್ರದ್ಧೆಯೇ. ಶ್ರದ್ಧೆಯು ಕರುಣೆಯನ್ನೂ ವಿವೇಕವನ್ನೂ ಕೂಡಿಕೊಂಡಾಗಲೇ ಧರ್ಮವಾಗುತ್ತದೆ. ಆಸರೆಯು ಔಷಧಕ್ಕೆ ಜೊತೆಯಾಗಬೇಕು, ಅದರ ಬದಲಿಯಾಗಬಾರದು.

ಆ ತಾಯಿಗೆ ನಾವು ತಾಯಿತವನ್ನು ಕೊಡಲಿಲ್ಲ. ಮರುದಿನವೇ ಅವರ ಮನೆಗೆ ಹೋಗಿ ಯಜಮಾನರ ಪಕ್ಕದಲ್ಲಿ ಕುಳಿತೆವು. ಬೋಧಿಸಲಿಲ್ಲ, ಕೇಳಿದೆವು. ಬಹಳ ಹೊತ್ತಿನ ಮೇಲೆ, “ನಾನಿಲ್ಲದಿದ್ದರೆ ಇವರೆಲ್ಲ ಸುಖವಾಗಿರ್ತಾರೆ ಬುದ್ಧಿ” ಎಂದರು. 40 ವರ್ಷಗಳ ಹಿಂದೆ ನಾವು ಕೇಳಿಸಿಕೊಳ್ಳದೆ ಹೋದುದು ಇಂಥ ಮಾತನ್ನೇ. ಅವರನ್ನು ಒಂಟಿಯಾಗಿ ಬಿಡದೆ, ಅಂದೇ ಅವರ ತಮ್ಮನೊಡನೆ ದಾವಣಗೆರೆಯ ಮನೋವೈದ್ಯರಲ್ಲಿಗೆ ಕರೆದೊಯ್ದೆವು. ಮಾತ್ರೆಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಹೇಳದೆ ನಿಲ್ಲಿಸಬಾರದು ಎಂದು ವೈದ್ಯರು ತಿಳಿಸಿದರು. ಮೊದಲ ವಾರ ಏನೂ ಬದಲಾಗಲಿಲ್ಲ. ಮೂರನೆಯ ವಾರ ನಿದ್ರೆ ಮರಳಿತು. ಆಮೇಲೊಂದು ಮುಂಜಾನೆ ತಾವಾಗಿಯೇ ಲಿಂಗವನ್ನು ಕರಸ್ಥಲಕ್ಕೆ ತಂದುಕೊಂಡರೆಂದು ಆ ತಾಯಿ ಬಂದು ಹೇಳಿದರು.

ಅವರ ಸಾಲ ತೀರಿಲ್ಲ, ಬತ್ತಿದ ಬಾವಿಯಲ್ಲಿ ನೀರು ಚಿಮ್ಮಿಲ್ಲ. ಆದರೆ ಮುಂದಿನ ವರ್ಷದ ಶ್ರಾವಣದಲ್ಲಿ, ಶಿವಾನುಭವ ಗೋಷ್ಠಿಯ ಕೊನೆಗೆ ಅವರು ಎದ್ದುನಿಂತು, “ನನಗೆ ಮನಸ್ಸಿನ ಕಾಯಿಲೆಯಾಗಿತ್ತು. ಔಷಧ ತಗೊಂಡೆ” ಎಂದು ಎರಡೇ ಮಾತಾಡಿ ಕುಳಿತರು. ಸಭೆ ಸ್ತಬ್ಧವಾಯಿತು. ಪ್ರಸಾದದ ಪಂಕ್ತಿ ಮುಗಿದ ಬಳಿಕ ಇಬ್ಬರು ಅವರನ್ನು ಬದಿಗೆ ಕರೆದು ವೈದ್ಯರ ವಿಳಾಸ ಕೇಳಿದುದನ್ನು ನಾವು ಕಂಡೆವು. ಅವರ ಅನುಮತಿಯಿಂದಲೇ, ಹೆಸರನ್ನಷ್ಟೇ ಬಿಟ್ಟು, ಇದನ್ನು ಬರೆದಿದ್ದೇವೆ.

ಮನೆಯಲ್ಲಿ ಯಾರಾದರೂ ಮೌನವಾಗಿ ಕುಗ್ಗುತ್ತಿದ್ದರೆ ಪಕ್ಕದಲ್ಲಿ ಕುಳಿತು ಕೇಳಿರಿ. ಸಾವಿನ ಮಾತಾಡಿದರೆ ಹಗುರವಾಗಿ ಎಣಿಸಬೇಡಿರಿ, ಒಂಟಿಯಾಗಿ ಬಿಡಬೇಡಿರಿ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಎಂಬ ಉಚಿತ ದೂರವಾಣಿಯಲ್ಲಿ ಹಗಲಿರುಳೂ ಕನ್ನಡದಲ್ಲಿ ಮಾತನಾಡಬಹುದು. ಈ ಸಂಖ್ಯೆಯನ್ನು ದೇವರ ಮನೆಯ ಪಂಚಾಂಗದ ಮೇಲೆ ಬರೆದಿಡಿರಿ. ಐದು ಸೂತಕಗಳನ್ನು ಕಳೆದ ಶರಣರ ಮಕ್ಕಳಿಗೆ ಆರನೆಯದನ್ನು ಕಳೆಯುವುದು ಅಸಾಧ್ಯವೇನಲ್ಲ.