ನಗ್ಗಿದ ಟ್ಯಾಂಕು, ಲೋಹದ ಹದ

ಹಳೆಯ ಮೋಟಾರು ಸೈಕಲ್ಲುಗಳನ್ನು ಕಾಪಾಡುವವರಲ್ಲಿ ಎರಡು ಪಂಗಡಗಳುಂಟು. ಪೆಟ್ರೋಲ್ ಟ್ಯಾಂಕು ನಗ್ಗಿತೆಂದರೆ ಅದನ್ನು ಕಿತ್ತಿಟ್ಟು ಹೊಸದನ್ನು ಕೂರಿಸಬೇಕೆಂಬುದು ಒಂದು ಪಂಗಡದ ವಾದ. ನಗ್ಗಿಗೆ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಬಳಿದರೆ ಸಾಕೆಂಬುದು ಇನ್ನೊಂದರದು. ನಾವು ಎರಡನ್ನೂ ಒಪ್ಪಲಾರೆವು. ಅಲ್ಯೂಮಿನಿಯಂ ಟ್ಯಾಂಕಿನ ನಗ್ಗನ್ನು ಆ ಲೋಹದಲ್ಲೇ ತಿದ್ದಬೇಕು. ಹಾಗೆ ತಿದ್ದಲು ಬಾರದ ನಗ್ಗನ್ನು ಇದ್ದಂತೆಯೇ ಬಿಡಬೇಕು. ಈ ಅಭಿಪ್ರಾಯಕ್ಕೆ ನಮ್ಮ ಆಧಾರ ಲೋಹದ ಒಳರಚನೆ.

ಮೊದಲು ಈ ಟ್ಯಾಂಕುಗಳ ಹಿನ್ನೆಲೆಯನ್ನು ನೋಡೋಣ. ಇಂಗ್ಲೆಂಡಿನ ನಾರ್ಟನ್ ಕಂಪೆನಿಯ ‘ಮ್ಯಾಂಕ್ಸ್’ ಎಂಬ ಪಂದ್ಯದ ವಾಹನಕ್ಕೆ ಆ ಹೆಸರು ಬಂದುದು ಐಲ್ ಆಫ್ ಮ್ಯಾನ್ ದ್ವೀಪದಿಂದ. ಅಲ್ಲಿನ ಪಂದ್ಯದ ಒಂದು ಸುತ್ತು ಸುಮಾರು ೬೦ ಕಿಲೋಮೀಟರು. ೧೯೫೦ರಲ್ಲಿ ಜೆಫ್ ಡ್ಯೂಕ್ ನಾರ್ಟನ್ ಏರಿ ಗೆದ್ದ ಸೀನಿಯರ್ ಪಂದ್ಯದಲ್ಲಿ ಅಂಥ ಸುತ್ತುಗಳು ೭. ಅಷ್ಟು ದೂರಕ್ಕೆ ದೊಡ್ಡ ಟ್ಯಾಂಕು ಬೇಕು, ಆದರೆ ತೂಕ ಏರಬಾರದು. ಉಕ್ಕಿನ ಸಾಂದ್ರತೆ ೭.೮೫, ಅಲ್ಯೂಮಿನಿಯಮ್ಮಿನದು ೨.೭. ತಗಡು ಎರಡರಷ್ಟು ದಪ್ಪವಾಗಿದ್ದರೂ ಟ್ಯಾಂಕಿನ ತೂಕ ಮೂರರಲ್ಲಿ ಒಂದು ಪಾಲು ತಗ್ಗುತ್ತದೆ. ಆದರೆ ಲೋಹ ಮೆತು. ವಾಹನ ಉರುಳಿಬಿದ್ದಾಗ ಹ್ಯಾಂಡಲ್ಲು ತಿರುಗಿ ಟ್ಯಾಂಕಿನ ಕೆನ್ನೆಗೆ ಬಡಿದರೆ ನಗ್ಗುವುದು ಖಂಡಿತ. ನಮ್ಮವರಿಗೆ ಪರಿಚಿತವಾದ ಮೈಸೂರಿನ ಜಾವಾದ ಟ್ಯಾಂಕು ಉಕ್ಕಿನದು. ಅದರ ಮೇಲೆ ಪಳಗಿದ ಕೈ ಅಲ್ಯೂಮಿನಿಯಮ್ಮಿನಲ್ಲಿ ಮೋಸಹೋಗುವುದುಂಟು.

ದಪ್ಪನೆಯ ಅಲ್ಯೂಮಿನಿಯಂ ತಂತಿಯೊಂದನ್ನು ಬಾಗಿಸಿ, ಮತ್ತೆ ನೇರ ಮಾಡಲು ಯತ್ನಿಸಿರಿ. ಮೊದಲು ಬಾಗಿದ ಸ್ಥಳ ಹಟಮಾಡಿ ನಿಲ್ಲುತ್ತದೆ. ತಂತಿ ಅದರ ಪಕ್ಕದಲ್ಲಿ ಬಾಗುತ್ತದೆ. ಬಾಗಿದ ಲೋಹ ಗಡುಸಾಗಿದೆ. ಇದಕ್ಕೆ ಕಾರಣವನ್ನು ೧೯೩೪ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು ಬೇರೆ ಬೇರೆಯಾಗಿಯೇ ಸೂಚಿಸಿದರು. ಲೋಹದ ಸ್ಫಟಿಕಗಳಲ್ಲಿ ಪರಮಾಣುಗಳ ಸಾಲು ಅಲ್ಲಲ್ಲಿ ತಪ್ಪಿರುತ್ತದೆ. ದೊಡ್ಡ ಜಮಖಾನವನ್ನು ಒಮ್ಮೆಗೇ ಎಳೆಯುವುದು ಕಷ್ಟ. ಅದರಲ್ಲಿ ಒಂದು ಸುಕ್ಕೆಬ್ಬಿಸಿ ಆ ಸುಕ್ಕನ್ನು ತಳ್ಳಿಕೊಂಡು ಹೋಗುವುದು ಸುಲಭ. ಲೋಹದಲ್ಲಿ ಈ ಸಾಲುತಪ್ಪುಗಳು ಹಾಗೆ ಸರಿಯುವುದರಿಂದಲೇ ಅದು ಬಾಗುತ್ತದೆ. ಬಾಗಿದಂತೆಲ್ಲ ಅವುಗಳ ಸಂಖ್ಯೆ ಸಾವಿರಾರು ಪಟ್ಟು ಬೆಳೆದು, ಒಂದಕ್ಕೊಂದು ಸಿಕ್ಕಿಕೊಂಡು, ಚಲನೆಯೇ ನಿಂತುಹೋಗುತ್ತದೆ. ೧೯೫೬ರಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದ ಹರ್ಷ್, ಹಾರ್ನ್, ವೀಲನ್ ಇವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ಸಾಲುತಪ್ಪುಗಳು ಸರಿದಾಡುವುದನ್ನು ಕಣ್ಣಾರೆ ಕಂಡರು. ಅವರು ನೋಡಿದ ಲೋಹವೂ ಅಲ್ಯೂಮಿನಿಯಮ್ಮೇ.

ನಗ್ಗಿದ ಜಾಗವೆಂದರೆ ಹೀಗೆ ಗಡುಸಾದ ಜಾಗ. ಹದಮಾಡದೆ ಅದನ್ನು ಬಡಿದರೆ ನಗ್ಗು ಏಳುವುದಿಲ್ಲ, ಸುತ್ತಲಿನ ಮೆತು ತಗಡು ಹಿಗ್ಗುತ್ತದೆ. ಇನ್ನೂ ಬಡಿದರೆ ಅಂಚಿನ ಮಡಿಕೆಯಲ್ಲಿ ಬಿರುಕು ಬೀಳುತ್ತದೆ. ಆದಕಾರಣ ಮೊದಲು ಕಾಸಬೇಕು. ಇಂಥ ಟ್ಯಾಂಕುಗಳಿಗೆ ಸಾಮಾನ್ಯವಾಗಿ ಬಳಸುವ, ಬಹುಮಟ್ಟಿಗೆ ಶುದ್ಧವಾದ ಅಲ್ಯೂಮಿನಿಯಂ ಸುಮಾರು ೩೫೦ ಡಿಗ್ರಿ ಸೆಂಟಿಗ್ರೇಡಿಗೆ ಬಂದರೆ ಸಿಕ್ಕುಗಳು ಬಿಡಿಸಿಕೊಂಡು, ಹೊಸ ಸ್ಫಟಿಕಗಳು ಹುಟ್ಟಿ, ಲೋಹ ಮತ್ತೆ ಮೆತ್ತಗಾಗುತ್ತದೆ. ಇಲ್ಲಿಯೇ ಉಕ್ಕಿನ ಅನುಭವ ಕೈಕೊಡುವುದು. ಉಕ್ಕು ಕೆಂಪಗಾಗಿ ಎಚ್ಚರಿಕೆ ಕೊಡುತ್ತದೆ. ಅಲ್ಯೂಮಿನಿಯಂ ೬೬೦ ಡಿಗ್ರಿಗೆ ಕರಗುತ್ತದೆ. ಆವರೆಗೂ ಹಗಲಿನಲ್ಲಿ ಅದರ ಬಣ್ಣ ಬದಲಾದಂತೆ ಕಾಣುವುದೇ ಇಲ್ಲ. ನೋಡುತ್ತಿದ್ದಂತೆಯೇ ತೂತು ಬಿದ್ದುಬಿಡುತ್ತದೆ! ಇದಕ್ಕೆ ಕೆಲಸಗಾರರು ಕಂಡುಕೊಂಡ ಉಪಾಯ ಸೊಗಸಾದುದು: ತಗಡಿಗೆ ಬಟ್ಟೆ ಸಾಬೂನನ್ನು ಉಜ್ಜಿ ಕಾಸುವುದು. ಸಾಬೂನು ಕಂದು ಕಪ್ಪಾದೊಡನೆ ಜ್ವಾಲೆಯನ್ನು ತೆಗೆಯಬೇಕು. ಸಾಬೂನೇ ಇಲ್ಲಿ ಉಷ್ಣಮಾಪಕ.

ಬಳಿಕ ಡಾಲಿ ಎಂದು ಕರೆಯುವ ಉಕ್ಕಿನ ಗಟ್ಟಿಯನ್ನೋ, ಬಾಗಿಸಿದ ಸರಳನ್ನೋ ಒಳಗಿನಿಂದ ಒತ್ತಿಹಿಡಿದು, ಹೊರಗಿನಿಂದ ಮರದ ಕೊಡತಿಯಲ್ಲಿ ಮೆಲ್ಲಗೆ ತಟ್ಟಬೇಕು; ನಗ್ಗಿನ ಅಂಚಿನಿಂದ ನಡುವಿಗೆ ಬರಬೇಕು. ಲೋಹ ಮತ್ತೆ ಗಡುಸೆನಿಸಿದರೆ ಮತ್ತೆ ಕಾಸಬೇಕು. ತಾಳ್ಮೆಯ ಕೆಲಸ, ದುಬಾರಿಯೂ ಹೌದು.

ಗಾಳಿ ತುಂಬಿ ನಗ್ಗನ್ನು ಉಬ್ಬಿಸಿಬಿಡಬಹುದಲ್ಲ ಎಂದು ವಿದ್ಯಾರ್ಥಿಗಳು ಕೇಳಿಯಾರು. ಪಾಸ್ಕಲನ ನಿಯಮವನ್ನು ಓದಿದವರು ಹಾಗೆ ಕೇಳಬಾರದು. ಒತ್ತಡ ಎಲ್ಲ ಕಡೆಗೂ ಸಮನಾಗಿ ಬೀಳುತ್ತದೆ. ನಗ್ಗನ್ನು ಹುಡುಕಿಕೊಂಡು ಹೋಗುವುದಿಲ್ಲ. ಗಡುಸಾದ ನಗ್ಗು ಏಳುವ ಮೊದಲೇ ಟ್ಯಾಂಕಿನ ಚಪ್ಪಟೆಯಾದ ಪಕ್ಕಗಳು ಉಬ್ಬುತ್ತವೆ. ಚದರ ಸೆಂಟಿಮೀಟರಿಗೆ ಒಂದೇ ಕಿಲೋಗ್ರಾಂ ಒತ್ತಡವಾದರೂ, ಸಾವಿರ ಚದರ ಸೆಂಟಿಮೀಟರಿನ ಪಕ್ಕದ ಮೇಲೆ ಒಂದು ಟನ್ ಭಾರ ಬಿದ್ದಂತಾಯಿತು. ಹಳೆಯ ಬೆಸುಗೆ ಅದನ್ನು ತಾಳುವುದೆಂಬ ಭರವಸೆ ಯಾರಿಗಿದೆ?

ಇದಕ್ಕಿಂತ ಭಯಂಕರವಾದುದು ಪೆಟ್ರೋಲಿನ ಆವಿ. ಗಾಳಿಯಲ್ಲಿ ಆವಿಯ ಪ್ರಮಾಣ ನೂರಕ್ಕೆ ೧.೪ರಿಂದ ೭.೬ರವರೆಗೆ ಇದ್ದರೆ ಕಿಡಿ ತಗುಲಿದೊಡನೆ ಅದು ಸಿಡಿಯುತ್ತದೆ. ತುಂಬಿದ ಟ್ಯಾಂಕಿಗಿಂತ ‘ಖಾಲಿ’ ಟ್ಯಾಂಕೇ ಹೆಚ್ಚು ಅಪಾಯಕರವೆಂಬುದನ್ನು ಬಹುಜನ ನಂಬುವುದಿಲ್ಲ. ಲೆಕ್ಕ ಹಾಕಿ ನೋಡೋಣ. ಒಂದು ಮಿಲಿಲೀಟರು ಪೆಟ್ರೋಲು ಆವಿಯಾದರೆ ಹೆಚ್ಚು ಕಡಮೆ ೧೮೦ ಮಿಲಿಲೀಟರು ಜಾಗವನ್ನು ತುಂಬುತ್ತದೆ. ೧೫ ಲೀಟರಿನ ಟ್ಯಾಂಕನ್ನು ಬಾಂಬಾಗಿ ಮಾರ್ಪಡಿಸಲು ಅರ್ಧ ಚಮಚದಷ್ಟು ಸಾಕು! ಅಷ್ಟು ಪೆಟ್ರೋಲು ಮಡಿಕೆಗಳಲ್ಲಿ, ನಲ್ಲಿಯ ಬುಡದಲ್ಲಿ ಸದಾ ಉಳಿದಿರುತ್ತದೆ. ಎರಡು ಸಲ ನೀರಾಡಿಸಿ ಜ್ವಾಲೆ ಹಿಡಿಯುವುದು ಆತ್ಮಹತ್ಯೆಗೆ ಸಮ. ಸಾಬೂನಿನ ಬಿಸಿನೀರಿನಿಂದ ಮತ್ತೆ ಮತ್ತೆ ತೊಳೆದು, ಹಬೆ ಹಾಯಿಸಿ, ಆಮೇಲೂ ಆರ್ಗಾನಿನಂಥ ಜಡ ಅನಿಲವನ್ನು ಒಳಗೆ ಹರಿಸುತ್ತಲೇ ಕಾಸಬೇಕು. ಉಕ್ಕಿನ ಟ್ಯಾಂಕಿನ ಜಿಡ್ಡು ತೆಗೆಯಲು ಕೆಲವರು ಕಾಸ್ಟಿಕ್ ಸೋಡ ಹಾಕುತ್ತಾರೆ. ಅದನ್ನು ಇಲ್ಲಿ ಮುಟ್ಟಲೂ ಕೂಡದು: ಅದು ಅಲ್ಯೂಮಿನಿಯಮ್ಮನ್ನು ತಿಂದು ಜಲಜನಕವನ್ನು ಬಿಡುತ್ತದೆ, ಅದೂ ಸಿಡಿಯುವ ಅನಿಲವೇ. ಈ ಭಾಗ ವಿದ್ಯಾರ್ಥಿಗಳು ಮನೆಯಲ್ಲಿ ಕೈಹಾಕುವ ಕೆಲಸವಲ್ಲವೆಂದು ಸ್ಪಷ್ಟವಾಗಿ ಹೇಳುತ್ತೇವೆ. ಪಳಗಿದ ಬೆಸುಗೆಗಾರರಿಗೇ ಅದು ಇರಲಿ.

ಇನ್ನು ಪುಟ್ಟಿಯ ವಿಷಯ. ಅದೂ ಲೋಹವೂ ಬಿಸಿಲಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ; ಯಂತ್ರದ ನಡುಕ ಬೇರೆ. ಕಾಲಕ್ರಮದಲ್ಲಿ ಅಂಚು ಬಿಡುತ್ತದೆ. ಅದಕ್ಕಿಂತ ಮುಖ್ಯವಾದ ಆಕ್ಷೇಪವೆಂದರೆ, ಅದರ ಕೆಳಗಿರುವ ಮಡಿಕೆ ಬಿರಿದಿದೆಯೋ ಇಲ್ಲವೋ ಎಂಬುದು ಕಣ್ಣಿಗೆ ಬೀಳದೆ ಹೋಗುತ್ತದೆ. ಇಂಧನ ಸೋರುವುದು ಬಿಸಿ ಯಂತ್ರದ ಮೇಲೆ. ಹೊಸ ಟ್ಯಾಂಕಿನ ಪಕ್ಷದವರ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಅದೇ ಆಕಾರದವು ಈಗಲೂ ತಯಾರಾಗುತ್ತವೆ; ಪಂದ್ಯಕ್ಕಿಳಿಯುವವರು ಅವನ್ನು ಕೊಳ್ಳಲಿ. ಆದರೆ ಅಂದಿನ ಕಮ್ಮಾರನ ಕೊಡತಿಯ ಗುರುತು, ಬೆಸುಗೆಯ ರೀತಿ ಹೊಸದರಲ್ಲಿ ಸಿಗಲಾರವು. ಹಳೆಯದನ್ನು ಗುಜರಿಗೆ ಹಾಕಿದರೆ ಅವೂ ಅದರೊಡನೆ ಹೋದವು.

ಒಳಗಿನಿಂದ ಕೈಗಾಗಲಿ ಸರಳಿಗಾಗಲಿ ಎಟುಕದ ನಗ್ಗನ್ನು ಎತ್ತಲು ಟ್ಯಾಂಕಿನ ತಳವನ್ನು ಕತ್ತರಿಸಿ ಮತ್ತೆ ಬೆಸೆಯುವವರಿದ್ದಾರೆ. ಅಂಗೈಯಗಲದ, ಆಳವಿಲ್ಲದ ನಗ್ಗಿಗಾಗಿ ಅಷ್ಟನ್ನು ಮಾಡುವುದು ನಮಗೆ ಸರಿಕಾಣದು. ಬಿರುಕಿಲ್ಲವಾದರೆ ಅದು ಹಾಗೆಯೇ ಇರಲಿ. ಬಿರುಕಿದೆಯೇ ಎಂದು ತಿಳಿಯಲು ಹೊರಗೆ ಸುಣ್ಣದ ಕಡ್ಡಿಯ ಪುಡಿಯನ್ನು ನೀರಿನಲ್ಲಿ ಕಲಸಿ ಬಳಿದು, ಒಣಗಿಸಿ, ಒಳಗೆ ಸೀಮೆಎಣ್ಣೆ ಹಾಕಿ ಒಂದು ರಾತ್ರಿ ಬಿಡಬೇಕು. ಬಿರುಕಿದ್ದರೆ ಬೆಳಿಗ್ಗೆ ಅಲ್ಲಿ ಗೆರೆಯಂತೆ ಒದ್ದೆ ಕಾಣುತ್ತದೆ. ಗೆರೆ ಕಂಡರೆ ಬೆಸುಗೆ ಬೇಕು, ಬೆಸುಗೆಗೆ ಮುನ್ನ ತೊಳೆಯುವ ಕೆಲಸವೆಲ್ಲ ಮೊದಲಿನಿಂದ ಆಗಬೇಕು.