ಮುಟ್ಟಿನ ರಜೆ: ಹೋಟೆಲ್ ಮಾಲೀಕರ ತಕರಾರು, ನಮ್ಮ ಅಂಗಡಿಗಳ ಲೆಕ್ಕ

2025ರ ನವೆಂಬರ್ 20ರ ರಾಜ್ಯ ಸರ್ಕಾರದ ಆದೇಶದಂತೆ 18ರಿಂದ 52 ವರ್ಷದ ಮಹಿಳಾ ನೌಕರರಿಗೆ ತಿಂಗಳಿಗೊಂದು ದಿನ, ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆ ಕೊಡಬೇಕು. ವೈದ್ಯರ ಸರ್ಟಿಫಿಕೇಟ್ ಕೇಳುವಂತಿಲ್ಲ. ಒಂದು ತಿಂಗಳ ರಜೆಯನ್ನು ಮುಂದಿನ ತಿಂಗಳಿಗೆ ಸೇರಿಸುವಂತಿಲ್ಲ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಬರುವ ನಮ್ಮ ಬಟ್ಟೆ, ಚಿನ್ನದ ಅಂಗಡಿಗಳಿಗೂ ಇದು ಅನ್ವಯ.

ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ಹೈಕೋರ್ಟಿಗೆ ಹೋಯಿತು. ಶಾಸನಸಭೆಯಲ್ಲಿ ಕಾನೂನು ಮಾಡದೆ ಬರೀ ಆದೇಶದಿಂದ ಹೊಸ ರಜೆ ಹೇರಬಹುದೇ ಎಂಬುದು ಅವರ ಮುಖ್ಯ ತಕರಾರು. ಡಿಸೆಂಬರ್ 9ರಂದು ನ್ಯಾಯಾಲಯ ಆದೇಶಕ್ಕೆ ತಡೆ ನೀಡಿ, ಸರ್ಕಾರದ ಕೋರಿಕೆಯ ಮೇಲೆ ಅದೇ ದಿನ ತಡೆಯನ್ನು ಹಿಂಪಡೆಯಿತು.

ಕಾನೂನಿನ ಪ್ರಶ್ನೆ ಕೇಳುವಂಥದ್ದೇ. ಅದನ್ನು ನ್ಯಾಯಾಲಯ ತೀರ್ಮಾನಿಸಲಿ. ಖರ್ಚಿನ ಲೆಕ್ಕ ನಾವೇ ಹಾಕೋಣ. ನಾಲ್ವರು ಹೆಣ್ಣುಮಕ್ಕಳು ಕೆಲಸಕ್ಕಿರುವ ಅಂಗಡಿಗೆ ವರ್ಷಕ್ಕೆ ಹೆಚ್ಚೆಂದರೆ 48 ದಿನದ ಸಂಬಳ. ದಿನವಿಡೀ ನಿಂತು ಸೀರೆ ತೋರಿಸುವವರಿಗೆ ಆ ಒಂದು ದಿನ ಎಷ್ಟು ಮುಖ್ಯವೆಂದು ನಮ್ಮ ಮನೆಯ ಹೆಂಗಸರನ್ನೇ ಕೇಳಿದರೆ ಸಾಕು.

ನನಗಿರುವ ಭಯ ಬೇರೆ. ಈ ಲೆಕ್ಕ ನೋಡಿ ಅಂಗಡಿಯವರು ಹುಡುಗರನ್ನೇ ಸೇರಿಸಿಕೊಳ್ಳತೊಡಗಿದರೆ ಹೆಣ್ಣುಮಕ್ಕಳಿಗೆ ಕೆಲಸವೇ ತಪ್ಪುತ್ತದೆ. ಇಎಸ್‌ಐ ಇರುವ ನೌಕರರ ಹೆರಿಗೆ ರಜೆಯ ಹಣವನ್ನು ಅದರ ನಿಧಿಯೇ ಕೊಡುತ್ತದೆ. ಅದಕ್ಕೆ ಮಾಲೀಕರು ವೇತನದ ಶೇ. 3.25, ನೌಕರರು ಶೇ. 0.75 ಕಟ್ಟುತ್ತಾರೆ. ಸಣ್ಣ ಅಂಗಡಿಗಳ ಮುಟ್ಟಿನ ರಜೆಗೂ ಇಂಥದೇ ಏರ್ಪಾಡು ಮಾಡಿ ಎಂದು ವ್ಯಾಪಾರಿ ಸಂಘಗಳು ಕೇಳಲಿ. ರಜೆ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ.